ತಲೆಕೆರೆತ ಮತ್ತು ಕೂದಲುದುರುವಿಕೆ: ಅಡಿಗೆಮನೆಯವರಿಗೆ ಗೊತ್ತಿರಬೇಕಾದ ಸಂಗತಿಗಳು

ಸಾರಿಗೆ ಉಪ್ಪು ಒಂದಿಷ್ಟು ಹೆಚ್ಚಾದರೆ ಗ್ರಾಹಕರು ಕ್ಷಮಿಸುತ್ತಾರೆ. ಪಾಯಸದಲ್ಲಿ ಕೂದಲು ಸಿಕ್ಕರೆ ಕ್ಷಮಿಸುವುದಿಲ್ಲ. ನಮ್ಮ ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತಿರುವ ಮಾತಿದು. ಆದುದರಿಂದಲೇ ಬಡಿಸುವವರಿಂದ ಹಿಡಿದು ಪಾತ್ರೆ ತೊಳೆಯುವವರವರೆಗೆ ಎಲ್ಲರ ತಲೆಗೂ ಟೋಪಿ ಹಾಕಿಸುತ್ತೇವೆ. ಆದರೆ ಆ ಟೋಪಿಯ ಕೆಳಗೆ ಏನು ನಡೆಯುತ್ತಿದೆ ಎಂದು ನೋಡುವವರು ಕಡಿಮೆ. ಕೆರೆತ ತಡೆಯಲಾಗದೆ ಒಲೆಯ ಮುಂದೆ ನಿಂತೇ ಟೋಪಿಯೊಳಗೆ ಬೆರಳು ತೂರಿಸುವ ಹುಡುಗರು ಪ್ರತಿಯೊಂದು ಅಡಿಗೆಮನೆಯಲ್ಲೂ ಇದ್ದಾರೆ. ಗದರಿಸಿದರೆ ಕೈ ತೆಗೆಯುತ್ತಾರೆ, ನಾವು ಅತ್ತ ತಿರುಗಿದೊಡನೆ ಮತ್ತೆ ಕೆರೆಯುತ್ತಾರೆ. ಅದು ಬರೀ ದುರಭ್ಯಾಸವಲ್ಲ, ಬಹಳ ಸಲ ಕಾಯಿಲೆ. ಅದಕ್ಕೆ ಮದ್ದೂ ಇದೆ.

ಮೊದಲು ಒಂದು ಸಣ್ಣ ಲೆಕ್ಕ. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತದೆ. ಒಂದೊಂದು ಕೂದಲೂ 2ರಿಂದ 6 ವರ್ಷ, ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರಿನಂತೆ ಬೆಳೆದು, ಆಮೇಲೆ ಎರಡು ಮೂರು ತಿಂಗಳು ಸುಮ್ಮನಿದ್ದು ಉದುರುತ್ತದೆ. ಅದೇ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಹೀಗೆ ಆರೋಗ್ಯವಂತರಿಗೂ ದಿನಕ್ಕೆ 50ರಿಂದ 100 ಕೂದಲು ಹೋಗುವುದು ಸಹಜ. ಇಪ್ಪತ್ತು ಜನ ದುಡಿಯುವ ತಂಡದಲ್ಲಿ ದಿನಕ್ಕೆ ಸಾವಿರದಿಂದ ಎರಡು ಸಾವಿರ ಕೂದಲು ಉದುರುತ್ತದೆ ಎಂದಾಯಿತು. ಟೋಪಿ ಏಕೆ ಬೇಕು ಎಂದು ಕೇಳುವ ಹಿರಿಯ ಭಟ್ಟರಿಗೆ ಈ ಲೆಕ್ಕವನ್ನೇ ಹೇಳಬಹುದು.

ಟೋಪಿ ಹಾಕಿಯೇ ತಲೆ ಬೋಳಾಯಿತು, ಬೆಂಕಿಯ ಝಳಕ್ಕೆ ಕೂದಲು ಹೋಯಿತು ಎಂಬ ಮಾತು ನಮ್ಮವರ ಬಾಯಲ್ಲಿ ಬಹಳ ಇದೆ. ಎರಡೂ ಸರಿಯಲ್ಲ. ಕೂದಲಿನ ಬೇರು ಚರ್ಮದ ಒಳಗಿದ್ದು ರಕ್ತದಿಂದ ಆಹಾರ ಪಡೆಯುತ್ತದೆ. ಟೋಪಿಯಿಂದ ಅದಕ್ಕೆ ಉಸಿರು ಕಟ್ಟುವುದಿಲ್ಲ, ಒಲೆಯ ಝಳವೂ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಬೆವರಿನಲ್ಲಿ ನೆಂದ, ವಾರಗಟ್ಟಲೆ ಒಗೆಯದ ಟೋಪಿಯಿಂದ ಕೆರೆತ ಹೆಚ್ಚುವುದು ನಿಜ. ಹೆಣ್ಣುಮಕ್ಕಳು ವರ್ಷಗಟ್ಟಲೆ ಕೂದಲನ್ನು ಬಿಗಿಯಾಗಿ ಎಳೆದು ತುರುಬು ಕಟ್ಟಿದರೆ ಹಣೆಯ ಅಂಚಿನಲ್ಲಿ ಕೂದಲು ತೆಳುವಾಗುವುದೂ ನಿಜ. ತುರುಬು ಸ್ವಲ್ಪ ಸಡಿಲವಾಗಿರಲಿ, ಮೇಲೆ ಟೋಪಿ ಪೂರ್ತಿ ಮುಚ್ಚಲಿ.

ಹೊಟ್ಟು ಮತ್ತು ಕೆರೆತ

ತಲೆ ಕೆರೆತಕ್ಕೆ ತೀರ ಸಾಮಾನ್ಯ ಕಾರಣ ಹೊಟ್ಟು. ಎಲ್ಲರ ನೆತ್ತಿಯ ಚರ್ಮದ ಮೇಲೂ ಮಲಸೀಜಿಯ ಎಂಬ ಸೂಕ್ಷ್ಮ ಶಿಲೀಂಧ್ರ ವಾಸವಾಗಿದೆ. ಚರ್ಮದ ಜಿಡ್ಡೇ ಅದರ ಆಹಾರ. ಜಿಡ್ಡನ್ನು ಒಡೆದಾಗ ಬರುವ ಅಂಶಗಳು ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಆಗ ಚರ್ಮ ಬೇಗ ಬೇಗ ಸುಲಿಯುತ್ತದೆ, ತುರಿಸುತ್ತದೆ. ಇದು ಜೋರಾದರೆ ಹುಬ್ಬು, ಮೂಗಿನ ಪಕ್ಕ, ಕಿವಿಯ ಹಿಂದೆ ಕೂಡ ಕೆಂಪಾಗಿ ಹಳದಿ ಹೊಟ್ಟು ಕೂರುತ್ತದೆ. ಬೆವರು, ನಿದ್ದೆಗೇಡು, ಆತಂಕ ಇದ್ದಾಗ ಹೆಚ್ಚುತ್ತದೆ. ಮದುವೆ ಸೀಸನ್ನಿನಲ್ಲಿ ನಮ್ಮವರಿಗೆ ಈ ಮೂರೂ ಇರುತ್ತವೆ! ಆದರೆ ಹೊಟ್ಟು ಅಂಟುಜಾಡ್ಯವಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ.

ಇಲ್ಲಿ ನಮ್ಮವರ ಮೊದಲ ಚಿಕಿತ್ಸೆ ಎಣ್ಣೆ. ರಾತ್ರಿ ತಲೆತುಂಬ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿದರೆ ಹೊಟ್ಟು ಅಂಟಿಕೊಂಡು ಕಾಣದಂತಾಗುತ್ತದೆ, ಗುಣವಾಗುವುದಿಲ್ಲ. ಒರಟು ಕೂದಲಿಗೆ ಕೊಬ್ಬರಿ ಎಣ್ಣೆ ಒಳ್ಳೆಯದೇ. ಹೊಟ್ಟು, ಕೆರೆತ ಇರುವ ಚರ್ಮಕ್ಕೆ ಮಾತ್ರ ಅದನ್ನು ಹಚ್ಚಿ ಬಿಡಬಾರದು. ಕೆರೆದು ಗಾಯವಾದ ತಲೆಗೆ ನಿಂಬೆರಸ ತಿಕ್ಕುವುದಂತೂ ಉರಿಯ ಮೇಲೆ ಉರಿ.

ಔಷಧದಂಗಡಿಯಲ್ಲಿ ಸಿಗುವ ಕೀಟೋಕೊನಜೋಲ್ ಶೇಕಡ 2ರ ಶಾಂಪೂ ಇದಕ್ಕೆ ಒಳ್ಳೆಯ ಮದ್ದು. ಜಿಂಕ್ ಪೈರಿಥಿಯೋನ್, ಸೆಲೆನಿಯಂ ಸಲ್ಫೈಡ್ ಇರುವ ಶಾಂಪೂಗಳೂ ಕೆಲಸ ಮಾಡುತ್ತವೆ. ಆದರೆ ಹಚ್ಚಿದ ಕೂಡಲೇ ತೊಳೆದುಬಿಟ್ಟರೆ ದುಡ್ಡು ಮೋರಿಗೆ ಸುರಿದಂತೆ. ಕೂದಲಿಗಲ್ಲ, ಬುಡದ ಚರ್ಮಕ್ಕೆ ತಾಗುವಂತೆ ಹಚ್ಚಿ, 3ರಿಂದ 5 ನಿಮಿಷ ಬಿಟ್ಟು ತೊಳೆಯಬೇಕು. ವಾರಕ್ಕೆ ಎರಡು ಸಲದಂತೆ 2ರಿಂದ 4 ವಾರ ಮಾಡಬೇಕು. ಕಡಿಮೆಯಾದ ಮೇಲೂ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಹಚ್ಚುತ್ತಿರಬೇಕು, ಏಕೆಂದರೆ ಇದು ಹತೋಟಿಗೆ ಬರುವ ಕಾಯಿಲೆಯೇ ಹೊರತು ಬೇರುಸಹಿತ ಹೋಗುವಂಥದ್ದಲ್ಲ. ಕರಿಯುವ ಬಾಣಲೆಯ ಮುಂದೆ ನಿಲ್ಲುವವರು ಉಳಿದ ದಿನಗಳಲ್ಲಿಯೂ ಸಾಧಾರಣ ಶಾಂಪೂ ಹಾಕಿ ತಲೆ ತೊಳೆದುಕೊಂಡರೆ ತಪ್ಪಿಲ್ಲ. ಪದೇ ಪದೇ ತೊಳೆದರೆ ಕೂದಲು ಉದುರುತ್ತದೆ ಎಂಬ ಭಯ ಬೇಡ. ಸ್ನಾನದ ಮನೆಯಲ್ಲಿ ಕಾಣುವುದು ಹೇಗೂ ಉದುರಬೇಕಾಗಿದ್ದ ಕೂದಲೇ.

ದಪ್ಪನೆಯ ಬೆಳ್ಳಿಬಣ್ಣದ ಹೊಟ್ಟು ಕೂದಲಿನ ಅಂಚನ್ನು ದಾಟಿ ಹಣೆಗೆ ಬಂದಿದ್ದರೆ, ಮೊಣಕೈ ಮೊಣಕಾಲಿನ ಮೇಲೂ ಅಂಥದೇ ಮಚ್ಚೆಗಳಿದ್ದರೆ ಅದು ಸೋರಿಯಾಸಿಸ್ ಇರಬಹುದು. ನೋಡುವುದಕ್ಕೆ ಭಯವಾದರೂ ಅದೂ ಅಂಟುವುದಿಲ್ಲ. ವೈದ್ಯರಿಗೆ ತೋರಿಸಲೇಬೇಕು.

ಅಂಟುವಂಥವು ಎರಡು

ಒಂದು ಹೇನು. ಒಂದೇ ಕೋಣೆಯಲ್ಲಿ ಎಂಟು ಹತ್ತು ಜನ ಒತ್ತಾಗಿ ಮಲಗುವ ನಮ್ಮ ಸ್ಟಾಫ್ ರೂಮುಗಳಲ್ಲಿ ತಲೆಗೆ ತಲೆ ತಾಗಿ ಇದು ಹರಡುತ್ತದೆ. ಪರ್ಮೆಥ್ರಿನ್ ಶೇಕಡ 1ರ ಲೋಷನ್ ಹಚ್ಚಿ 10 ನಿಮಿಷ ಬಿಟ್ಟು ತೊಳೆದು, ಸೀರಣಿಗೆಯಿಂದ ಬಾಚಿ, ಒಂದು ವಾರ ಹತ್ತು ದಿನದಲ್ಲಿ ಮತ್ತೊಮ್ಮೆ ಹಚ್ಚಬೇಕು. ಸೀರು ಒಡೆದು ಹೊರಬರುವ ಮರಿಗಳಿಗಾಗಿ ಈ ಎರಡನೆಯ ಸುತ್ತು. ಕೋಣೆಯಲ್ಲಿರುವ ಎಲ್ಲರ ತಲೆಯನ್ನೂ ನೋಡಿ, ಹೇನು ಇರುವವರೆಲ್ಲ ಒಂದೇ ದಿನ ಮದ್ದು ಮಾಡಿಕೊಳ್ಳಬೇಕು. ಹಿಂದಿನವರು ಸೀಮೆಎಣ್ಣೆ ಹಚ್ಚುತ್ತಿದ್ದರು. ಒಲೆಯ ಮುಂದೆ ಕೆಲಸ ಮಾಡುವವರು ಅದನ್ನು ನೆನಪಿಗೂ ತಂದುಕೊಳ್ಳಬಾರದು.

ಇನ್ನೊಂದು ತಲೆಯ ಹುಳುಕಡ್ಡಿ. ಮಕ್ಕಳಲ್ಲಿ ಹೆಚ್ಚು, ದೊಡ್ಡವರಲ್ಲಿ ಕಡಿಮೆ. ದುಂಡನೆಯ ಮಚ್ಚೆ, ಅದರೊಳಗೆ ಮುರಿದ ಕೂದಲು, ಹೊಟ್ಟು, ಕೆಲವೊಮ್ಮೆ ಕೀವು. ಇದಕ್ಕೆ ಬರೀ ಮುಲಾಮು ಸಾಲದು. ಶಿಲೀಂಧ್ರ ಕೂದಲಿನ ಒಳಗೇ ಇರುವುದರಿಂದ ಹಲವು ವಾರ ಮಾತ್ರೆ ನುಂಗಬೇಕಾಗುತ್ತದೆ. ಅಂಗಡಿಯವರು ಕೊಡುವ, ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡು ದಿನ ಕೆರೆತ ನಿಂತು ಒಳಗೊಳಗೇ ರೋಗ ಬೆಳೆಯುತ್ತದೆ. ತಡಮಾಡಿದರೆ ಕಲೆಯಾದ ಜಾಗದಲ್ಲಿ ಕೂದಲು ಮತ್ತೆ ಹುಟ್ಟದೆ ಹೋಗಬಹುದು. ಬಾಚಣಿಗೆ, ಟವೆಲ್, ದಿಂಬು, ಟೋಪಿ ಒಬ್ಬರದು ಒಬ್ಬರಿಗೆ ಬೇಡ. ತಲೆಗೆ ಎರಡು ಬಟ್ಟೆಯ ಟೋಪಿ ಕೊಟ್ಟು, ಹೆಸರು ಬರೆಸಿ, ದಿನ ಬಿಟ್ಟು ದಿನ ಬಿಸಿನೀರಿನಲ್ಲಿ ಒಗೆಸುವುದು ಗುತ್ತಿಗೆದಾರರ ಜವಾಬ್ದಾರಿ ಎಂದು ನಮ್ಮ ಅಭಿಪ್ರಾಯ.

ಕೆರೆದ ಕೈ ಅಡಿಗೆಗೆ ಬಂದರೆ

ಕೆರೆದು ಕೆರೆದು ಗಾಯವಾದ ತಲೆಯಲ್ಲಿ, ಕೀವುಗುಳ್ಳೆಗಳಲ್ಲಿ ಸ್ಟಫೈಲೋಕಾಕಸ್ ಎಂಬ ರೋಗಾಣು ಬೆಳೆಯುತ್ತದೆ. ಉಗುರಿನ ಮೂಲಕ ಅದು ಖೀರಿಗೋ ಚಟ್ನಿಗೋ ಖೋವಾದ ಸಿಹಿಗೋ ಸೇರಿ, ಆ ಪದಾರ್ಥ ಕೆಲವು ಗಂಟೆ ಸೆಕೆಯಲ್ಲಿ ಕುಳಿತರೆ ವಿಷ ತಯಾರಾಗುತ್ತದೆ. ಮತ್ತೆ ಕುದಿಸಿದರೆ ರೋಗಾಣು ಸಾಯುತ್ತದೆ, ವಿಷ ಹೋಗುವುದಿಲ್ಲ. ಉಂಡವರಿಗೆ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ ಶುರು. ಎಲೆಯಲ್ಲಿ ಕಂಡ ಕೂದಲಿನಿಂದ ಆಗುವುದು ಮರ್ಯಾದೆಯ ನಷ್ಟ. ಕಾಣದ ಇದರಿಂದ ಇಡೀ ಮದುವೆ ಮನೆಯೇ ಆಸ್ಪತ್ರೆಗೆ ಹೋಗಬಹುದು.

ಎಫ್.ಎಸ್.ಎಸ್.ಎ.ಐ.ಯ 2011ರ ಪರವಾನಗಿ ನಿಯಮಗಳ ನಾಲ್ಕನೇ ಷೆಡ್ಯೂಲಿನಲ್ಲಿ ಆಹಾರ ಮುಟ್ಟುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಕಡ್ಡಾಯ. ಸೋಂಕು ತಗುಲಿದ ಗಾಯ, ಚರ್ಮದ ಸೋಂಕು ಇರುವವರು ಆಹಾರ ಮುಟ್ಟುವಂತಿಲ್ಲ ಎಂದೂ ಇದೆ. ನಿಯಮ ಸರಿಯಾದದ್ದೇ. ಆದರೆ ಕೀವುಗುಳ್ಳೆ ತೋರಿಸಿದ ಹುಡುಗನ ಸಂಬಳ ಹಿಡಿದರೆ ಮುಂದಿನ ಸಲ ಅವನೂ ತೋರಿಸುವುದಿಲ್ಲ, ಅವನನ್ನು ನೋಡಿ ಉಳಿದವರೂ ಟೋಪಿ ತೆಗೆಯುವುದಿಲ್ಲ. ಗುಣವಾಗುವವರೆಗೆ ಅವನನ್ನು ಸಾಮಾನು ಎತ್ತುವ, ಕುರ್ಚಿ ಮೇಜು ಹಾಕುವ ಕೆಲಸಕ್ಕೆ ಬಿಟ್ಟು ಸಂಬಳ ಪೂರ್ತಿ ಕೊಡುವುದು ಧರ್ಮವೂ ಹೌದು, ವ್ಯಾಪಾರಕ್ಕೂ ಲಾಭ.

ಗೊಂಚಲು ಗೊಂಚಲಾಗಿ ಉದುರಿದರೆ

ಟೈಫಾಯ್ಡ್, ಡೆಂಗ್ಯೂ, ಹೆರಿಗೆ, ದೊಡ್ಡ ಆಪರೇಷನ್, ತೀವ್ರ ದುಃಖ, ಇವುಗಳ ನಂತರ ಎರಡು ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಬರುವುದುಂಟು. 2020-21ರಲ್ಲಿ ಕೋವಿಡ್ ಬಂದುಹೋದವರಲ್ಲಿ ಅನೇಕರು ಇದನ್ನು ಕಂಡರು. ಜ್ವರದ ಸಮಯದಲ್ಲಿ ಒಟ್ಟಿಗೇ ವಿಶ್ರಾಂತಿಗೆ ಹೋದ ಕೂದಲುಗಳು ಒಟ್ಟಿಗೇ ಉದುರುತ್ತವೆ, ಅಷ್ಟೆ. ಊರಿಗೆ ಹೋಗಿ ಜ್ವರ ವಾಸಿ ಮಾಡಿಕೊಂಡು ಬಂದವರು ಈ ಊರಿನ ಬೋರ್‌ವೆಲ್ ನೀರನ್ನು, ಟ್ಯಾಂಕರ್ ನೀರನ್ನು ಬೈಯುವುದಕ್ಕೆ ಇದೇ ಕಾರಣ. ಗಡುಸು ನೀರಿನಿಂದ ಕೂದಲು ಒರಟಾಗಬಹುದು, ಬೇರು ಸಾಯುವುದಿಲ್ಲ. ಹೀಗೆ ಉದುರಿದ್ದು ಸಾಮಾನ್ಯವಾಗಿ ಆರು ತಿಂಗಳಲ್ಲಿ ತಾನಾಗಿ ಹತೋಟಿಗೆ ಬರುತ್ತದೆ. ಬರದಿದ್ದರೆ, ಅದರಲ್ಲೂ ಹೆಂಗಸರಿಗೆ, ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.

ಗಂಡಸರಿಗೆ ಹಣೆ ಹಿಂದೆ ಸರಿದು ನಡುನೆತ್ತಿ ಬೋಳಾಗುವುದು ವಂಶದಿಂದ ಬರುವುದು. ಇದಕ್ಕೆ ಮಿನಾಕ್ಸಿಡಿಲ್ ಹಚ್ಚುವ ಮದ್ದಿದೆ. ಫಲ ಕಾಣಲು ಕನಿಷ್ಠ ನಾಲ್ಕು ತಿಂಗಳು ಬೇಕು, ಮೊದಲ ಕೆಲವು ವಾರ ಇನ್ನಷ್ಟು ಉದುರಬಹುದು, ನಿಲ್ಲಿಸಿದರೆ ಬಂದದ್ದು ಹೋಗುತ್ತದೆ. ಫಿನಾಸ್ಟರೈಡ್ ಮಾತ್ರೆಯನ್ನು ವೈದ್ಯರು ಬರೆದುಕೊಡದೆ ನುಂಗಬಾರದು. ಏಕಾಏಕಿ ನಾಣ್ಯದಷ್ಟು ಜಾಗ ನುಣ್ಣಗೆ ಬೋಳಾದರೆ ಅದು ಬೇರೆಯೇ ಕಾಯಿಲೆ. ದೇಹದ ರಕ್ಷಣಾ ಶಕ್ತಿಯೇ ಕೂದಲಿನ ಬೇರಿನ ಮೇಲೆ ತಿರುಗಿಬೀಳುವುದರಿಂದ ಹೀಗಾಗುತ್ತದೆ. ಅಂಟುವುದಿಲ್ಲ. ಬಹಳ ಜನಕ್ಕೆ ಕೂದಲು ಮತ್ತೆ ಬರುತ್ತದೆ.

ಕೊನೆಗೆ ಡೈ ವಿಷಯ. ಸೀಸನ್ ಶುರುವಾಗುವ ಮುನ್ನ ತಲೆ ಕಪ್ಪು ಮಾಡಿಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಹೆಚ್ಚಿನ ಕಪ್ಪು ಡೈಗಳಲ್ಲೂ ಕಪ್ಪು ಮೆಹೆಂದಿ ಎಂದು ಮಾರುವ ಪುಡಿಗಳಲ್ಲೂ ಪಿ.ಪಿ.ಡಿ. ಎಂಬ ರಾಸಾಯನಿಕವಿರುತ್ತದೆ. ಹತ್ತು ವರ್ಷ ಒಗ್ಗಿದ್ದು ಹನ್ನೊಂದನೆಯ ವರ್ಷ ಒಗ್ಗದೆ ಹೋಗಬಹುದು: ಕಿವಿಯ ಸುತ್ತ, ಹಣೆಯ ಅಂಚಿನಲ್ಲಿ ಕೆರೆತ, ನೀರು ಸೋರುವುದು, ಕಣ್ಣುರೆಪ್ಪೆ ಊದುವುದು. ಪ್ರತಿ ಸಲವೂ ಕಿವಿಯ ಹಿಂದೆ ಒಂದಿಷ್ಟು ಹಚ್ಚಿ 48 ಗಂಟೆ ಕಾದು ನೋಡಬೇಕು. ಒಮ್ಮೆ ಹೀಗೆ ಆದವರು ಕಂಪೆನಿ ಬದಲಿಸಿದರೆ ಪ್ರಯೋಜನವಿಲ್ಲ. ಪಿ.ಪಿ.ಡಿ. ಇರುವ ಯಾವ ಡೈಯನ್ನೂ ಮತ್ತೆ ಮುಟ್ಟಬಾರದು. ಕೆಂಪಾದರೂ ಚಿಂತೆಯಿಲ್ಲ ಎನ್ನುವವರು ಗೋರಂಟಿ ಸೊಪ್ಪನ್ನೇ ಅರೆದು ಹಚ್ಚಿಕೊಳ್ಳಬಹುದು. ಟೋಪಿಯ ಕೆಳಗೆ ಯಾವ ಬಣ್ಣವಿದೆಯೆಂದು ಯಾರೂ ಕೇಳುವುದಿಲ್ಲ.