ಒಂದೇ ಟಿಕೆಟ್‌ನಲ್ಲಿ ದೇಶ ಸುತ್ತಿ ಬನ್ನಿ

ನಮ್ಮ ರೈಲ್ವೆಯಲ್ಲಿ ಸರ್ಕ್ಯುಲರ್ ಜರ್ನಿ ಟಿಕೆಟ್ ಎಂಬುದೊಂದಿದೆ. ಹೊರಟ ನಿಲ್ದಾಣಕ್ಕೇ ಸುತ್ತಿ ಬರುವ ಟಿಕೆಟ್ ಅದು. ನಡುವೆ ಎಂಟು ಕಡೆ ಇಳಿದು, ಊರು ನೋಡಿ, ಮತ್ತೆ ಹತ್ತಬಹುದು. ರೈಲು ದರ ದೂರ ಹೆಚ್ಚಿದಂತೆ ಕಿಲೋಮೀಟರಿಗೆ ಕಡಿಮೆಯಾಗುತ್ತಾ ಹೋಗುತ್ತದೆ. ಊರಿಂದೂರಿಗೆ ಬಿಡಿ ಟಿಕೆಟ್ ಕೊಂಡರೆ ಪ್ರತಿ ಸಲವೂ ಮೊದಲ ಕಿಲೋಮೀಟರುಗಳ ಹೆಚ್ಚಿನ ದರ ತೆರುತ್ತೇವೆ. ಈ ಟಿಕೆಟ್‌ನಲ್ಲಿ ಒಟ್ಟು ದೂರವನ್ನು ಎರಡು ಸಮಪಾಲು ಮಾಡಿ, ಎರಡು ದೂರದ ಪ್ರಯಾಣಗಳೆಂದು ಲೆಕ್ಕ ಹಿಡಿಯುತ್ತಾರೆ. ಉಳಿತಾಯ ಅಲ್ಲೇ. ಇಷ್ಟು ಒಳ್ಳೆಯ ಸೌಲಭ್ಯ ಎಷ್ಟೋ ಜನರಿಗೆ ಗೊತ್ತೇ ಇಲ್ಲವಲ್ಲ ಎಂಬ ಸಂಕಟಕ್ಕೆ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಸುತ್ತನ್ನು ಕಾಗದದ ಮೇಲೆ ಬರೆಯಿರಿ

ಹೋದ ದಾರಿಯಲ್ಲೇ ವಾಪಸು ಬರಬಾರದು. ಮೊದಲ ಸಲಕ್ಕೆ ಈ ಸುತ್ತು ಚೆನ್ನ: ಬೆಂಗಳೂರು, ಭೋಪಾಲ್, ಝಾನ್ಸಿ, ಆಗ್ರಾ, ದೆಹಲಿ, ವಾರಾಣಸಿ, ಹೌರಾ, ಭುವನೇಶ್ವರ, ವಿಶಾಖಪಟ್ಟಣ, ಅಲ್ಲಿಂದ ವಿಜಯವಾಡ, ರೇಣಿಗುಂಟ, ಜೋಲಾರಪೇಟೆ ಮೇಲೆ ಬೆಂಗಳೂರು. ಇಳಿಯುವ ಊರು ಸರಿಯಾಗಿ ಎಂಟು. ದೂರ ಐದೂವರೆ ಸಾವಿರ ಕಿ.ಮೀ.ಗಿಂತ ಸ್ವಲ್ಪ ಹೆಚ್ಚು. ಸಾಂಚಿ, ಓರ್ಛಾ, ಪುರಿಯನ್ನು ಪಟ್ಟಿಗೆ ಸೇರಿಸಬೇಡಿ; ಭೋಪಾಲ್, ಝಾನ್ಸಿ, ಭುವನೇಶ್ವರದಲ್ಲಿ ಉಳಿದುಕೊಂಡು ಬಸ್ಸಿನಲ್ಲೋ ಶೇರ್ ಆಟೋದಲ್ಲೋ ಹೋಗಿ ಬಂದರಾಯಿತು.

ಹಂತ 2: ಕಾಲ ನೋಡಿ

ಡಿಸೆಂಬರ್, ಜನವರಿಯಲ್ಲಿ ಉತ್ತರದ ಮಂಜಿಗೆ ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ. ದೀಪಾವಳಿಯಿಂದ ಛಠ್ ಹಬ್ಬ ಮುಗಿಯುವ ತನಕ ಆ ಕಡೆ ಕಾಲಿಡಲು ಜಾಗವಿರುವುದಿಲ್ಲ. ಹೋಳಿಯಲ್ಲೂ ಹಾಗೆಯೇ. ಫೆಬ್ರವರಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯದು. ಶುಕ್ರವಾರ ತಾಜ್ ಮಹಲ್ ಮುಚ್ಚಿರುತ್ತದೆ, ಆಗ್ರಾ ದಿನವನ್ನು ಮೊದಲು ಗಟ್ಟಿ ಮಾಡಿಕೊಂಡು ಉಳಿದದ್ದನ್ನು ಅದರ ಸುತ್ತ ಜೋಡಿಸಿ.

ಹಂತ 3: ರಾತ್ರಿ ಯಾವ ರೈಲು, ಹಗಲು ಯಾವ ರೈಲು

ಖರ್ಚು ನಿರ್ಧಾರವಾಗುವುದು ಇಲ್ಲಿ. ರಾತ್ರಿ ರೈಲೆಂದರೆ ಒಂದು ರೂಮಿನ ಬಾಡಿಗೆ ಉಳಿದಂತೆ. ದೆಹಲಿಯಿಂದ ವಾರಾಣಸಿ, ವಾರಾಣಸಿಯಿಂದ ಹೌರಾ, ಹೌರಾದಿಂದ ಭುವನೇಶ್ವರ, ಮೂರನ್ನೂ ನಿದ್ದೆಯಲ್ಲೇ ದಾಟಬಹುದು. ಬೆಳಿಗ್ಗೆ ಐದರಿಂದ ಒಂಬತ್ತರೊಳಗೆ ಇಳಿಸುವ ರೈಲನ್ನೇ ಆರಿಸಿ. ಆದರೆ ಸತತ ಎರಡು ರಾತ್ರಿ ರೈಲು ಬೇಡ, ಮೂರನೆಯ ದಿನ ಮೈ ಕೇಳುವುದಿಲ್ಲ.

ಭುವನೇಶ್ವರದಿಂದ ವಿಶಾಖಪಟ್ಟಣಕ್ಕೆ ಮಾತ್ರ ಹಗಲಲ್ಲೇ ಹೋಗಿ. ಎಡಗಡೆ ಕಿಟಕಿ ಹಿಡಿಯಿರಿ. ಬಾಲುಗಾಂವ್ ಬರುವ ಹೊತ್ತಿಗೆ ಚಿಲಿಕಾ ಸರೋವರ ಹಳಿಯ ಮಗ್ಗುಲಿಗೇ ಬರುತ್ತದೆ. ನೀರಿನಲ್ಲಿ ಸಾಲಾಗಿ ನೆಟ್ಟ ಬಲೆಯ ಕೋಲುಗಳು, ಅವುಗಳ ತುದಿಯಲ್ಲಿ ಕೂತ ಹಕ್ಕಿಗಳು, ದೂರದಲ್ಲೊಂದು ದೋಣಿ. ನಾನು ಕೈಯಲ್ಲಿದ್ದ ಚಹಾ ಆರುವವರೆಗೂ ನೋಡುತ್ತಲೇ ಇದ್ದೆ.

ನಿಲ್ದಾಣದ ಹೆಸರನ್ನು ಎರಡು ಸಲ ಓದಿ. ಝಾನ್ಸಿ ನಿಲ್ದಾಣದ ಹೆಸರು ಈಗ ವೀರಾಂಗನಾ ಲಕ್ಷ್ಮೀಬಾಯಿ ಝಾನ್ಸಿ. ದೆಹಲಿಯ ರೈಲು ಹಜರತ್ ನಿಜಾಮುದ್ದೀನ್‌ನಿಂದಲೋ ಆನಂದ್ ವಿಹಾರದಿಂದಲೋ ಹೊರಡಬಹುದು. ಇನ್ನು ತಾರೀಕು. ಒಮ್ಮೆ ನನ್ನ ಟಿಕೆಟ್‌ನಲ್ಲಿ 14ರ 00.10 ಎಂದಿತ್ತು. ನಾನು 14ರ ರಾತ್ರಿ ಊಟ ಮುಗಿಸಿ, ಚೀಲ ಹೊತ್ತು ಸ್ಟೇಷನ್ನಿಗೆ ಹೋದೆ. ರೈಲು ಹಿಂದಿನ ರಾತ್ರಿಯೇ ಹೋಗಿತ್ತು. ನಡುರಾತ್ರಿ ದಾಟಿದ ರೈಲಾದರೆ, ಮನೆಯಿಂದ ಹೊರಡುವ ದಿನವನ್ನು ಟಿಕೆಟ್ ಮೇಲೆ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ.

ಹಂತ 4: ಅರ್ಜಿ, ಟಿಕೆಟ್, ಸೀಟು

ಸುತ್ತು ಟಿಕೆಟ್‌ಗೆ ಕೌಂಟರಿಗೇ ಹೋಗಬೇಕು. ವಲಯ ರೈಲ್ವೆಯ ಸಿದ್ಧ ಮಾರ್ಗಗಳಿರುತ್ತವೆ. ಅವು ಒಪ್ಪಿಗೆಯಾಗದಿದ್ದರೆ ನಿಮ್ಮ ಮಾರ್ಗ ಬರೆದು ವಿಭಾಗೀಯ ವಾಣಿಜ್ಯ ವ್ಯವಸ್ಥಾಪಕರ ಕಚೇರಿಗೆ ಅರ್ಜಿ ಕೊಡಿ. ಹುಬ್ಬಳ್ಳಿ, ಬೆಂಗಳೂರು, ಮೈಸೂರಿನಲ್ಲಿ ಈ ಕಚೇರಿಗಳಿವೆ. ಮಂಗಳೂರು ಪಾಲಕ್ಕಾಡ್ ವಿಭಾಗಕ್ಕೆ, ಕಲಬುರಗಿ ಸೊಲ್ಲಾಪುರಕ್ಕೆ ಸೇರಿವೆ ಎಂಬುದು ನೆನಪಿರಲಿ. ಮಾರ್ಗ ಒಪ್ಪಿತವಾದ ಮೇಲೆ ಟಿಕೆಟ್. ಆಮೇಲೆ ಒಂದೊಂದು ಊರಿಗೂ ಸೀಟು ಕಾಯ್ದಿರಿಸುವುದು. ಕಾಯ್ದಿರಿಸುವ ಶುಲ್ಕ ಬೇರೆ. ಪ್ರಯಾಣಕ್ಕೆ 60 ದಿನ ಮೊದಲಷ್ಟೇ ಬುಕಿಂಗ್ ತೆರೆಯುವುದರಿಂದ ಅರ್ಜಿಯ ಕೆಲಸ ಅದಕ್ಕೂ ಮುಂಚೆ ಮುಗಿದಿರಲಿ. ರೈಲಿನ ನಂಬರು, ತಾರೀಕು, ಹತ್ತುವ ಇಳಿಯುವ ನಿಲ್ದಾಣ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆದೊಯ್ದರೆ ಕೌಂಟರಿನಲ್ಲಿದ್ದವರಿಗೂ ಸುಲಭ, ಹಿಂದೆ ನಿಂತವರೂ ಗೊಣಗುವುದಿಲ್ಲ. ಟಿಕೆಟ್‌ಗೆ ಇಷ್ಟೇ ದಿನ ಎಂಬ ಅವಧಿ ಇರುತ್ತದೆ, ಕೇಳಿ ತಿಳಿದುಕೊಳ್ಳಿ.

ಹಂತ 5: ದುಡ್ಡು, ವಸತಿ

ಟಿಕೆಟ್, ವಸತಿ, ಊಟ, ಊರೊಳಗಿನ ಓಡಾಟ, ಪ್ರವೇಶ ಶುಲ್ಕ ಎಂದು ಐದು ಸಾಲು ಬರೆಯಿರಿ. ತುರ್ತಿಗೆಂದು ಎರಡು ದಿನದ ಖರ್ಚನ್ನು ಬೇರೆಯೇ ಎತ್ತಿಡಿ. ಟಿಕೆಟ್ ಇದ್ದವರಿಗೆ ದೊಡ್ಡ ನಿಲ್ದಾಣಗಳಲ್ಲಿ ರಿಟೈರಿಂಗ್ ರೂಮ್, ಡಾರ್ಮಿಟರಿ ಸಿಗುತ್ತವೆ, ಐಆರ್‌ಸಿಟಿಸಿಯಲ್ಲಿ ಮೊದಲೇ ಹಿಡಿಯಬಹುದು. ಕಾಶಿಯಲ್ಲಿ ಜಂಗಮವಾಡಿ ಮಠವಿದೆ. ಅಷ್ಟು ದಿನದ ಹಿಂದಿಯ ನಂತರ ಅಲ್ಲಿ ಕನ್ನಡ ಕಿವಿಗೆ ಬಿದ್ದರೆ ಜೀವಕ್ಕೆ ಹಾಯೆನಿಸುತ್ತದೆ. ಹಗಲು ಸುತ್ತಾಡಿ ರಾತ್ರಿ ರೈಲು ಹಿಡಿಯುವ ದಿನ ರೂಮೇ ಬೇಡ, ಕ್ಲೋಕ್ ರೂಮ್ ಸಾಕು. ಬೀಗ ಹಾಕದ ಚೀಲವನ್ನು ಅಲ್ಲಿ ತೆಗೆದುಕೊಳ್ಳುವುದಿಲ್ಲ. ಹೌರಾ ನಿಲ್ದಾಣದಿಂದ ಹೊರಬಿದ್ದೊಡನೆ ಟ್ಯಾಕ್ಸಿಯವರ ಕಡೆ ತಿರುಗಬೇಡಿ. ಎದುರಿಗೇ ಫೆರ್ರಿ ಘಾಟ್ ಇದೆ, ಚಿಲ್ಲರೆ ಕಾಸಿನಲ್ಲಿ ಹೂಗ್ಲಿ ದಾಟಬಹುದು. ಸುತ್ತು ಶುರುವಾಗುವ ಬೆಂಗಳೂರಿನವರೆಗೆ ಬರಲು ನಮ್ಮ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಬಸ್ಸು ಇದ್ದೇ ಇದೆ.

ಹಂತ 6: ಚೀಲ

ಹೆಗಲಿಗೆ ಒಂದೇ ಚೀಲ. ನಾಲ್ಕು ಜೊತೆ ಬಟ್ಟೆ, ಹೊದಿಕೆ, ಸರಪಳಿ, ಬೀಗ, ಆಧಾರ್ ಕಾರ್ಡು. ಸ್ಲೀಪರ್‌ನಲ್ಲಿ ಹೊದಿಕೆ ಕೊಡುವುದಿಲ್ಲ, ಫೆಬ್ರವರಿಯಲ್ಲೂ ಝಾನ್ಸಿ ದಾಟಿದ ಮೇಲೆ ರಾತ್ರಿ ಚಳಿ ಕೊರೆಯುತ್ತದೆ. ತಿನ್ನಲು ಉತ್ತರ ಕರ್ನಾಟಕದ ಕಡಕ್ ರೊಟ್ಟಿಯಂಥದ್ದು ಬೇರೊಂದಿಲ್ಲ, ವಾರಗಟ್ಟಲೆ ಕೆಡದು. ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಿದರೆ ಮುರಿಯುವುದಿಲ್ಲ. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ನಿಲ್ದಾಣದಲ್ಲಿ ಮೊಸರು ಕೊಂಡರೆ ಊಟವಾಯಿತು. ಎದುರು ಸೀಟಿನವರು ಇದೇನೆಂದು ಕೇಳಿಯೇ ಕೇಳುತ್ತಾರೆ, ನಾಲ್ಕು ರೊಟ್ಟಿ ಹೆಚ್ಚಿಗೆ ಇಟ್ಟುಕೊಳ್ಳಿ.