ಬಾಗಿಲ ಹಿತ್ತಾಳೆ ಕಲಿಸುವ ಪಾಠ

ಯಡಿಯೂರಿನಲ್ಲಿ ಶ್ರೀ ತೋಂಟದ ಸಿದ್ಧಲಿಂಗೇಶ್ವರರ ಗದ್ದುಗೆ ದರ್ಶನ ಮುಗಿಸಿ, ಮಂಗಳೂರು ಹೆದ್ದಾರಿಯಲ್ಲಿ ಮುಂದೆ ಹೋಗಿ ಬೆಳ್ಳೂರು ಕ್ರಾಸಿನಲ್ಲಿ ತಿರುಗಿದರೆ ನಾಗಮಂಗಲ ಸಿಗುತ್ತದೆ. ಸೌಮ್ಯಕೇಶವ ದೇವಾಲಯವಿರುವ ಈ ಊರು ಲೋಹದ ಕೆಲಸಕ್ಕೂ ಹೆಸರುವಾಸಿ. ಇಲ್ಲಿಯ ವಿಶ್ವಕರ್ಮರು ಪಂಚಲೋಹದ ವಿಗ್ರಹ, ಹಿತ್ತಾಳೆ ಸಾಮಾನು ಮಾಡುತ್ತ ಬಂದವರು.

ದೇವಾಲಯದ ಲೋಹದ ಕೆಲಸದಲ್ಲಿ ಮುಖ್ಯವಾಗಿ ಎರಡು ಬಗೆ.

ಎರಕದ ಕೆಲಸ: ಮೊದಲು ಮೇಣದಲ್ಲಿ ರೂಪ ಮಾಡಿ ಮಣ್ಣು ಮೆತ್ತುತ್ತಾರೆ. ಕಾಯಿಸಿದಾಗ ಮೇಣ ಕರಗಿ ಹೊರಗೆ ಹೋಗುತ್ತದೆ. ಆ ಜಾಗಕ್ಕೆ ಕಾದ ಲೋಹ ಹೊಯ್ಯುತ್ತಾರೆ. ಅಚ್ಚು ಒಡೆದೇ ವಿಗ್ರಹ ತೆಗೆಯಬೇಕು. ಹಾಗಾಗಿ ಒಂದರಂತೆ ಇನ್ನೊಂದು ಇರುವುದಿಲ್ಲ.

ತಗಡಿನ ಕೆಲಸ: ಬಾಗಿಲು, ಪ್ರಭಾವಳಿಗಳಿಗೆ ಇದು. ರಾಳ, ಇಟ್ಟಿಗೆ ಪುಡಿ, ಎಣ್ಣೆ ಬೆರೆಸಿದ ಮೆತ್ತೆಯ ಮೇಲೆ ತಗಡು ಕೂರಿಸಿ, ಉಳಿಯಿಂದ ಹಿಂದಿನಿಂದ ತಟ್ಟಿ ಹೂಬಳ್ಳಿ ಉಬ್ಬಿಸುತ್ತಾರೆ. ಆಮೇಲೆ ತಿರುಗಿಸಿ ಮುಂದಿನಿಂದ ತಿದ್ದುತ್ತಾರೆ. ತಟ್ಟಿದಷ್ಟೂ ತಗಡು ಬಿಗಿಯುತ್ತದೆ, ಆದ್ದರಿಂದ ನಡುನಡುವೆ ಕಾಯಿಸಿ ಮೆದು ಮಾಡಿಕೊಳ್ಳಬೇಕು.

ಜೀರ್ಣೋದ್ಧಾರದಲ್ಲಿ ಎಡವುವುದೆಲ್ಲಿ? ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಆಸಿಡ್ ಹಾಕಿ ಉಜ್ಜಿದರೆ ಸತು ಬಿಟ್ಟುಹೋಗಿ ಕೆಂಪು ಮಚ್ಚೆ ಉಳಿಯುತ್ತದೆ. ಹುಣಸೆಹಣ್ಣೂ ಹುಳಿಯೇ, ದಿನಾ ತಿಕ್ಕಿದರೆ ದೇವರ ಮುಖದ ಕಣ್ಣು, ಮೂಗು ಸವೆದುಹೋಗುತ್ತವೆ. ತಾಮ್ರದ ತಗಡಿಗೆ ಕಬ್ಬಿಣದ ಮೊಳೆ ಹೊಡೆದರೆ ನೀರು ತಾಗಿದಾಗ ಮೊಳೆ ಬೇಗ ತುಕ್ಕು ಹಿಡಿದು ತಗಡು ಕಳಚುತ್ತದೆ. ತಾಮ್ರಕ್ಕೆ ತಾಮ್ರದ್ದೇ ಮೊಳೆ ಬೇಕು. ತಗಡಿನ ಹಿಂದಿನ ಮರ ಕೊಳೆತಿದೆಯೇ ಎಂದು ಮೊದಲು ನೋಡಬೇಕು. ಹರಿದ ಭಾಗಕ್ಕೆ ಮಾತ್ರ ಹೊಸ ತುಂಡು ಕೂರಿಸಿದರೆ ಸಾಕು. ಕೆಲಸಕ್ಕೆ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಬೇಕು. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಅನುಮತಿ ಬೇಕೇ ಬೇಕು.

ಭಕ್ತಾದಿಗಳಲ್ಲಿ ಒಂದು ಮಾತು. ಹರಕೆ ಹೊತ್ತವರು ಹೊಸ ಬೆಳ್ಳಿ ಕವಚ ಮಾಡಿಸುತ್ತಾರೆ, ಸಂತೋಷವೇ. ಆದರೆ ಅದಕ್ಕಾಗಿ ಬಿಚ್ಚಿದ ಹಳೇ ಹಿತ್ತಾಳೆ ತೂಕಕ್ಕೆ ಹೋಗಿಬಿಟ್ಟರೆ, ಕರಗಿದ ಮೇಲೆ ಆ ಕೈಗುಣ ಮತ್ತೆ ಬರುವುದಿಲ್ಲ. ನಿಮ್ಮ ಊರಿನ ಗುಡಿಯಲ್ಲಿ ಹಳೆಯ ಬಾಗಿಲಿದ್ದರೆ, ಹೊಸದಕ್ಕೆ ಕೊಡುವ ಹಣದಲ್ಲಿ ಸ್ವಲ್ಪ ಅದರ ದುರಸ್ತಿಗೂ ಕೊಡಿ. ಕೆಲಸ ಬಲ್ಲವರನ್ನೇ ಕರೆಸಿ. ಅವರಿಗೆ ಕೆಲಸ ಸಿಕ್ಕರೆ ತಾನೇ ಮಕ್ಕಳೂ ಉಳಿ ಹಿಡಿಯುವುದು!