ಖೋನೊಮಾ ಊರವರು ಬೇಟೆಯನ್ನು ಬಿಟ್ಟದ್ದು

ಕಾಡನ್ನು ಕಾಯುವ ಕೆಲಸವು ಸರಕಾರದ್ದೇ ಹೊರತು ನಮ್ಮದಲ್ಲವೆಂದು ಅನೇಕರು ನೆನಸುತ್ತಾರೆ. ಈ ಎಣಿಕೆಯು ಸರಿಯೋ ಎಂಬದನ್ನು ನಾಗಾಲ್ಯಾಂಡಿನ ಒಂದು ಹಳ್ಳಿಯ ಸಂಗತಿಯಿಂದ ವಿಚಾರಿಸೋಣ.

ಕೊಹಿಮಾ ಪಟ್ಟಣಕ್ಕೆ ಪಶ್ಚಿಮದಲ್ಲಿ ಸುಮಾರು 20 ಕಿಲೋಮೀಟರು ದೂರದ ಗುಡ್ಡಗಳಲ್ಲಿ ಖೋನೊಮಾ ಎಂಬ ಊರುಂಟು. ಅಲ್ಲಿ ಅಂಗಾಮಿ ನಾಗರು ವಾಸಿಸುತ್ತಾರೆ. ಬೇಟೆಯು ಅವರಿಗೆ ಪಿತೃಗಳಿಂದ ಬಂದ ವಾಡಿಕೆ. ಅದರಿಂದ ಮನೆಗೆ ಮಾಂಸವೂ ಗಂಡಸಿಗೆ ಗೌರವವೂ ದೊರೆಯುತ್ತಿದ್ದವು. ಆ ಕಾಡಿನಲ್ಲಿ ಬ್ಲೈತ್ ಟ್ರಾಗೋಪಾನ್ ಎಂಬ ಅಪರೂಪವಾದ ಪಕ್ಷಿಯಿದೆ. ಅದು ಕಾಡುಕೋಳಿಯ ಕುಲದ್ದು. ಹುಂಜದ ಕುತ್ತಿಗೆಯೂ ಎದೆಯೂ ಕೆಂಪಾಗಿರುತ್ತವೆ. 1993ನೇ ಇಸವಿಯಲ್ಲಿ ಒಂದು ವಾರದ ಬೇಟೆಯ ಪಂದ್ಯದೊಳಗೆ ಇಂಥ ಪಕ್ಷಿಗಳು ಸುಮಾರು 300 ಸತ್ತವೆಂದು ಹೇಳುತ್ತಾರೆ. ಆಗ ಊರಿನ ಕೆಲವರು ಎಚ್ಚರಗೊಂಡರು.

ಆದರೆ ಬೇಟೆಯನ್ನು ತಡೆಯುವದು ಹೇಗೆ? ನಾಗಾಲ್ಯಾಂಡಿನಲ್ಲಿ ಹೆಚ್ಚಿನ ಕಾಡು ಸರಕಾರದ್ದಲ್ಲ, ಊರುಗಳದು ಮತ್ತು ಕುಲಗಳದು. ಆದಕಾರಣ ಹೊರಗಿನ ಕಾವಲುಗಾರನಿಂದ ಆಗತಕ್ಕದ್ದು ಸ್ವಲ್ಪವೇ. ಊರವರೇ ಮನಸ್ಸು ಮಾಡಬೇಕಾಗಿತ್ತು. ಹಲವರು ವಿರೋಧಿಸಿದರು. ಅವರ ಮಾತು ಹುರುಳಿಲ್ಲದ್ದಲ್ಲ, ಯಾಕಂದರೆ ವಾಡಿಕೆಯನ್ನೂ ಊಟವನ್ನೂ ಒಟ್ಟಿಗೆ ಬಿಡುವದು ಸುಲಭವಲ್ಲ. ಬಹಳ ಚರ್ಚೆಯ ತರುವಾಯ 1998ರಲ್ಲಿ ಅವರು ತಮ್ಮ ಕಾಡಿನ ಒಂದು ಭಾಗವನ್ನು ಟ್ರಾಗೋಪಾನಿನ ರಕ್ಷಣೆಗಾಗಿ ಪ್ರತ್ಯೇಕಿಸಿ ಬೇಟೆಯನ್ನು ನಿಷೇಧಿಸಿದರು. ಮೀರಿದವನಿಗೆ ದಂಡವನ್ನು ಗೊತ್ತುಮಾಡಿದರು. ಊರಿನ ತರುಣರೇ ಕಾವಲಿಗೆ ನಿಂತರು.

ಈಗ ಆ ವನವನ್ನು ನೋಡಲು ದೂರದಿಂದ ಜನರು ಬರುತ್ತಾರೆ. ಅವರು ಪ್ರವೇಶದ ಹಣವನ್ನು ಕೊಟ್ಟು, ಊರಿನ ಮನೆಗಳಲ್ಲಿ ಇಳುಕೊಂಡು, ದಾರಿ ತೋರಿಸಲಿಕ್ಕೆ ಊರಿನವರನ್ನೇ ಕರಕೊಂಡು ಹೋಗುತ್ತಾರೆ. ಹೊಲಗಳಲ್ಲಿರುವ ಆಲ್ಡರ್ ಮರಗಳನ್ನೂ ಅವರು ನೋಡಬಹುದು. ಇಲ್ಲಿಯ ರೈತರು ಆ ಮರದ ಮೇಲಣ ಭಾಗವನ್ನು ಮಾತ್ರ ಕಡಿದು ಬುಡವನ್ನು ಉಳಿಸುತ್ತಾರೆ. ಅದು ತಿರಿಗಿ ಚಿಗುರುತ್ತದೆ, ಅದರ ಬೇರುಗಳು ಮಣ್ಣಿಗೆ ಸತ್ವವನ್ನು ಕೊಡುತ್ತವೆ. ಬೇಕಾದದ್ದನ್ನು ತೆಗೆದುಕೊಂಡು ಬುಡವನ್ನು ಉಳಿಸುವ ಬುದ್ಧಿಯು ಹೊಲದಲ್ಲಿ ಅವರಿಗೆ ಹಿಂದಿನಿಂದಲೂ ಇತ್ತು. ಕಾಡಿನಲ್ಲಿ ಅದನ್ನು ಹೊಸದಾಗಿ ಕಲಿತರು.

ಇದರಿಂದ ನಾವು ತಿಳಿಯತಕ್ಕದ್ದೇನಂದರೆ: ಪರರು ಹೇರಿದ ಕಟ್ಟಳೆಯನ್ನು ಕಾವಲುಗಾರನು ಕಾಣದಾಗ ಮೀರುವವರುಂಟು, ಜನರು ತಾವೇ ಕೂಡಿ ಮಾಡಿಕೊಂಡ ಕಟ್ಟಳೆಗೆ ಊರೆಲ್ಲಾ ಕಾವಲು.

ವಿಚಾರಿಸತಕ್ಕ ಪ್ರಶ್ನೆಗಳು:

1. ಖೋನೊಮಾದಲ್ಲಿ ಹೊರಗಿನ ಕಾವಲು ಯಾಕೆ ಸಾಲದು?

2. ಬೇಟೆಯನ್ನು ಬಿಟ್ಟವರು ಏನನ್ನು ಕಳಕೊಂಡರು, ಏನನ್ನು ಪಡೆದರು?

3. ನಮ್ಮ ಊರಿನ ಕೆರೆ, ಗೋಮಾಳ, ಗುಡ್ಡಗಳಲ್ಲಿ ನಾವೇ ಕೂಡಿ ಕಾಯತಕ್ಕದ್ದು ಯಾವದು? ಅದಕ್ಕಾಗಿ ನಾವು ಬಿಡಬೇಕಾದದ್ದೇನು?